ಗೇರ್ ಬಾಕ್ಸಿನ ರೇಟು, ಗಾಡಿಗೆ ಕೂರಿಸಿದ ಖರ್ಚು

"ಗೇರ್ ಬಾಕ್ಸ್ ಎಷ್ಟಕ್ಕ ಬಂತ್ರೀ?"

ಕೊಣ್ಣೂರಿನಲ್ಲಿ ಹೈವೇ ಬದಿಗೆ ನಮ್ಮ ಹಳೆಯ ಪಿಕಪ್ ನಿಲ್ಲಿಸಿ ಪೇರಲ ಬುಟ್ಟಿ ಏರಿಸುವಾಗ ಈ ಪ್ರಶ್ನೆ ಬಂದೇ ಬರುತ್ತದೆ. "ಇಪ್ಪತ್ತೆರಡು ಸಾವಿರ" ಎಂದರೆ ಕೇಳಿದವರ ಕಣ್ಣು ಅರಳುತ್ತದೆ. "ಇಷ್ಟ ಏನ್ರೀ? ಹಂಗಾದ್ರ ನಮ್ಮ ಜೀಪಿಗೂ ಹಾಕಸ್ತೀನಿ" ಅನ್ನುತ್ತಾರೆ. ಅವರನ್ನು ಅಲ್ಲೇ ತಡೆದು ಪೂರ್ತಿ ಲೆಕ್ಕ ಹೇಳುತ್ತೇನೆ. 22,000 ಬರೀ ಡಬ್ಬಿಯ ಬೆಲೆ. ಅದು ಗಾಡಿಯೊಳಗೆ ಕೂತು ಊರಿಗೆ ಬರುವಷ್ಟರಲ್ಲಿ ಖರ್ಚಾದದ್ದು 63,000.

ಗಾಡಿ ಮಹೀಂದ್ರ ಜೀಪಿನ ಉದ್ದ ಚಾಸಿಯದು, ಹಿಂದೆ ಪಿಕಪ್ ತೊಟ್ಟಿ. ಮಹೀಂದ್ರದವರು ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಆ ವಂಶದ ಗಾಡಿಗಳಿಗೆ ದಶಕಗಟ್ಟಲೆ ಬಂದದ್ದು ಟಿ-90 ಎಂಬ ಮೂರು ಗೇರಿನ ಡಬ್ಬಿ. ಮೊದಲ ಗೇರಿಗೆ ಸಿಂಕ್ರೊ ಇಲ್ಲ. ಗಾಡಿ ಪೂರ್ತಿ ನಿಲ್ಲದೆ ಫಸ್ಟ್ ಗೇರ್ ಹಾಕಬೇಕೆಂದರೆ ಡಬಲ್ ಕ್ಲಚ್ ಬೇಕು, ಇಲ್ಲದಿದ್ದರೆ ಗರಗರ ಸದ್ದು. ಅಪ್ಪ ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಹಾಕಿಸಿದ್ದರು. ಅದು ಆರ್‌ಸಿಯಲ್ಲಿ ನಮೂದಾಗಿದೆ. ಗೇರ್ ಡಬ್ಬಿ ಮಾತ್ರ ಹಳೆಯದೇ ಉಳಿದಿತ್ತು. ಸೆಕೆಂಡ್ ಗೇರ್ ತಾನಾಗಿ ಜಾರತೊಡಗಿದಾಗ ನಿರ್ಧಾರ ಮಾಡಲೇಬೇಕಾಯಿತು.

ಮೂರು ದಾರಿ ಇದ್ದವು. ಹೊಸ ಪಿಕಪ್ ತರುವುದು ಒಂದು. ಎಂಟು ಲಕ್ಷ ಸಾಲ, ಶೇ. 10 ಬಡ್ಡಿ, ಐದು ವರ್ಷ ಎಂದು ಹಿಡಿದರೆ ತಿಂಗಳ ಕಂತು 17,000. ಪೇರಲ ವರ್ಷಪೂರ್ತಿ ಒಂದೇ ಸಮನೆ ದುಡ್ಡು ಕೊಡುವ ಬೆಳೆಯಲ್ಲ, ಕಂತಿಗೆ ಮಾತ್ರ ಹನ್ನೆರಡೂ ತಿಂಗಳು ಬಾಯಿ. ಎರಡನೆಯದು ಬಾಡಿಗೆ ಗಾಡಿ. ಹುಬ್ಬಳ್ಳಿಗೆ ಹೋಗಿ ಬರಲು ನಮಗೆ ಕೇಳಿದ್ದು 3,500. ವಾರಕ್ಕೊಂದು ಸಲ ಹೋಗುವವರಿಗೆ ಇದೇ ಸರಿ. ಹಾಗಿರುವವರು ಸ್ವಂತ ಗಾಡಿಯ ಆಸೆಯನ್ನೇ ಬಿಡಬೇಕು. ಮೂರನೆಯದು ಇದ್ದ ಗಾಡಿಯನ್ನು ದಾರಿಗೆ ತರುವುದು.

ಅದರಲ್ಲೂ ಎರಡು ಕವಲು. ಹಳೆಯ ಡಬ್ಬಿಯನ್ನೇ ಬಿಚ್ಚಿ ಗೇರು, ಬೇರಿಂಗು, ಸಿಂಕ್ರೊ ರಿಂಗು ಬದಲಿಸಲು 24,000 ಎಂದರು. ಐದು ಗೇರಿನದು ಹಾಕಿಸಿದರೆ 63,000. ಇಲ್ಲಿ ಬಹಳ ಜನ ಎಡವುತ್ತಾರೆ. 63,000 ಕೊಟ್ಟರೆ ಏನು ಸಿಗುತ್ತದೆ ಎಂದು ಕೇಳಿಕೊಂಡು ಕೂರುತ್ತಾರೆ. ರಿಪೇರಿಗೆ 24,000 ಹೇಗೂ ಹೋಗುವುದೇ ಇತ್ತು. ಹಾಗಾಗಿ ತೂಗಿ ನೋಡಬೇಕಾದದ್ದು ಮೇಲಿನ 39,000 ಮಾತ್ರ. ಆ ಹೆಚ್ಚಿನ ದುಡ್ಡು ಏನು ತಂದುಕೊಡುತ್ತದೆ ಎಂಬುದೇ ಪ್ರಶ್ನೆ.

ಮೊದಲು ಡೀಸೆಲ್ ಲೆಕ್ಕ ನೋಡೋಣ. ಹಳೆಯ ಜೀಪಿನ ಆಕ್ಸಲ್ ಅನುಪಾತ 5.38. ಟಿ-90ಯಲ್ಲಿ ಟಾಪ್ ಗೇರ್ ಎಂದರೆ ನೇರ, ಒಂದಕ್ಕೆ ಒಂದು. 16 ಇಂಚಿನ ಹಳೆಯ ಜೀಪ್ ಟೈರಿನಲ್ಲಿ ಗಂಟೆಗೆ 60 ಕಿ.ಮೀ. ಓಡಬೇಕಾದರೆ ಎಂಜಿನ್ ನಿಮಿಷಕ್ಕೆ ಸುಮಾರು 2,350 ಸುತ್ತು ತಿರುಗಬೇಕು. ಐದನೇ ಗೇರ್ ಒಂದಕ್ಕಿಂತ ಕಡಿಮೆ ಅನುಪಾತದ್ದು. ಅದನ್ನು 0.85 ಎಂದು ಹಿಡಿದರೆ ಅದೇ ವೇಗಕ್ಕೆ ಸುಮಾರು 2,000 ಸುತ್ತು ಸಾಕು. ನಮ್ಮ ಗಾಡಿ ಲೀಟರಿಗೆ 9 ಕೊಡುತ್ತಿದ್ದದ್ದು ಈಗ ಹೈವೇಯಲ್ಲಿ ಹತ್ತೂವರೆ ಕೊಡುತ್ತದೆ. ಹುಬ್ಬಳ್ಳಿಗೆ ಹೋಗಿ ಬರುವ ದಾರಿ ಸುಮಾರು 140 ಕಿ.ಮೀ., ಡೀಸೆಲ್ ಲೀಟರಿಗೆ 90 ರೂಪಾಯಿ ಅಂದುಕೊಳ್ಳಿ. ಉಳಿಯುವುದು 200 ರೂಪಾಯಿ. ವಾರಕ್ಕೆರಡು ಸಲದಂತೆ ವರ್ಷದಲ್ಲಿ ಆರು ತಿಂಗಳು ಓಡಿದರೆ 39,000 ಮರಳಲು ಹತ್ತಿರ ಹತ್ತಿರ ನಾಲ್ಕು ವರ್ಷ ಬೇಕು.

ಇದಿಷ್ಟೇ ಆಗಿದ್ದರೆ ನಾನು ಬೇಡ ಎನ್ನುತ್ತಿದ್ದೆ. ತೂಕ ಬಿದ್ದದ್ದು ಮೊದಲ ಗೇರಿನ ಕಡೆ. ಟಿ-90ಯ ಫಸ್ಟ್ ಗೇರ್ 2.80. ಐದು ಗೇರಿನ ಡಬ್ಬಿಯದು ಅದಕ್ಕಿಂತ ಆಳ. ನಮ್ಮದು ಎರೆ ಭೂಮಿ. ಒಂದು ಮಳೆ ಬಿದ್ದರೆ ತೋಟದ ದಾರಿ ಗಾಲಿಯನ್ನು ಹಿಡಿದು ಬಿಡುವುದಿಲ್ಲ. ಲೋಡು ತುಂಬಿದ ಗಾಡಿಯನ್ನು ಹೊಳೆದಂಡೆಯ ತೋಟದಿಂದ ರಸ್ತೆಗೆ ಏರಿಸುವಾಗ ಮೊದಲೆಲ್ಲ ಅರ್ಧ ಕ್ಲಚ್ ಹಿಡಿದು ಎಳೆಯುತ್ತಿದ್ದೆವು, ಕ್ಯಾಬಿನ್ನಿನ ತುಂಬ ಸುಟ್ಟ ವಾಸನೆ. ಕ್ಲಚ್ ಪ್ಲೇಟಿನ ಖರ್ಚು ಹತ್ತಿದ್ದೇ ಆ ಏರಿನಲ್ಲಿ. ಈಗ ಕಾಲು ಪೂರ್ತಿ ಬಿಟ್ಟು ನಿಧಾನಕ್ಕೆ ಹತ್ತುತ್ತದೆ. ಕ್ಲಚ್ಚಿಗೆ ಹೋಗುತ್ತಿದ್ದ ದುಡ್ಡು, ಗಾಡಿ ಕೆಟ್ಟು ನಿಂತ ದಿನ ಕೊಟ್ಟ ಬಾಡಿಗೆ, ತಡವಾಗಿ ಮುಟ್ಟಿದ ಹಣ್ಣಿಗೆ ಸಿಕ್ಕ ಕಮ್ಮಿ ರೇಟು ಎಲ್ಲ ಸೇರಿಸಿದಾಗ ನಾಲ್ಕು ವರ್ಷ ಎರಡಕ್ಕೆ ಇಳಿಯಿತು. ಎರಡು ವರ್ಷಕ್ಕೆ ಮರಳುವ ಖರ್ಚನ್ನು ನಾನು ಒಪ್ಪುತ್ತೇನೆ.

ಇನ್ನು ಆ 63,000 ಎಲ್ಲಿ ಹೋಯಿತು? ಹುಬ್ಬಳ್ಳಿಯ ಗುಜರಿಯಲ್ಲಿ 12,000ಕ್ಕೂ ಐದು ಗೇರಿನ ಡಬ್ಬಿ ಇತ್ತು. ಮಿಸ್ತ್ರಿ ಕಾಕಾ ಅದನ್ನು ಮುಟ್ಟಲೂ ಇಲ್ಲ. ಹಳೆಯ ಜೀಪಿನ ಕೆಳಗೆ ಮಲಗಿ ನೋಡಿದರೆ ಕಾರಣ ಕಾಣುತ್ತದೆ. ಹಿಂದಿನ ಗಾಲಿಗೆ ಹೋಗುವ ಜಾಯಿಂಟ್ ಶಾಫ್ಟ್ ಗಾಡಿಯ ನಡುವೆ ಇಲ್ಲ, ಬಲಕ್ಕೆ ಸರಿದಿದೆ. ಟ್ರಾನ್ಸ್‌ಫರ್ ಕೇಸು ಶಕ್ತಿಯನ್ನು ಬಲಕ್ಕೆ ಇಳಿಸುತ್ತದೆ, ಹಿಂದಿನ ಆಕ್ಸಲ್ಲಿನ ಗುಂಡು ಕೂಡ ಬಲಕ್ಕೇ ಇದೆ. ಅಗ್ಗದ ಡಬ್ಬಿಯಲ್ಲಿ ಶಾಫ್ಟ್ ಹೊರಡುವುದು ನಟ್ಟನಡುವಿನಿಂದ. "ತಮ್ಮಾ, ಹತ್ತು ಸಾವಿರ ಉಳಿಸಾಕ ಹೋದ್ರ ಹಿಂದಿನ ಆಕ್ಸಲ್ಲೂ ಬದಲ್ ಮಾಡಬೇಕಾಕ್ಕೈತಿ, ನೋಡು" ಅಂದರು. ಬಲಕ್ಕೆ ಸರಿದ ಟ್ರಾನ್ಸ್‌ಫರ್ ಕೇಸಿನ ಸಮೇತ ಸಿಕ್ಕಿದ್ದಕ್ಕೆ 22,000 ಕೊಟ್ಟೆವು.

ಎಂಜಿನ್ನಿಗೂ ಡಬ್ಬಿಗೂ ಬೋಲ್ಟಿನ ತೂತು ಹೊಂದುವುದಿಲ್ಲ. ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಲೇತಿನ ಕೆಲಸ ಮತ್ತು ಫ್ಲೈವೀಲಿನ ಪೈಲಟ್ ಬುಷ್ ಸೇರಿ 7,500. ಇಲ್ಲಿ ಚೌಕಾಸಿ ಮಾಡಬೇಡಿ. ಪ್ಲೇಟಿನ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಡಬ್ಬಿಯ ಮುಂದಿನ ಬೇರಿಂಗ್ ಬೇಗ ಹೋಗುತ್ತದೆ. ಕಾಕಾ ಪ್ಲೇಟು ಬಿಗಿದು, ಫ್ಲೈವೀಲಿಗೆ ಡಯಲ್ ಗೇಜ್ ಕೂರಿಸಿ, ಕೈಯಿಂದ ಒಂದು ಸುತ್ತು ತಿರುಗಿಸಿ ಮುಳ್ಳು ನೋಡಿದರು. ಮುಳ್ಳು ಅಲ್ಲಾಡಿದ್ದಕ್ಕೆ ಎಲ್ಲ ಬಿಚ್ಚಿ ಮತ್ತೆ ಲೇತಿಗೆ ಕಳಿಸಿದರು. ಆ ತಾಳ್ಮೆಗೆ ಕೊಟ್ಟ ಕೂಲಿಯನ್ನು ನಾನು ಖರ್ಚು ಅನ್ನುವುದಿಲ್ಲ. ಹೊಸ ಡಬ್ಬಿ ಉದ್ದ ಹೆಚ್ಚು. ಅದಕ್ಕೇ ಟ್ರಾನ್ಸ್‌ಫರ್ ಕೇಸು ಹಿಂದೆ ಸರಿಯಿತು, ಹಿಂದಿನ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿ, ಮುಂದಿನದನ್ನು ಉದ್ದ ಮಾಡಿ ಎರಡನ್ನೂ ಬ್ಯಾಲೆನ್ಸ್ ಮಾಡಿಸಲು 6,000. ಕ್ಲಚ್ ಸೆಟ್ 6,500. ಕ್ರಾಸ್ ಮೆಂಬರ್, ವೆಲ್ಡಿಂಗ್ 4,000. ಕೂಲಿ 11,000. ಊರಿಂದ ಹುಬ್ಬಳ್ಳಿಗೆ ಎಳೆಸಿಕೊಂಡು ಹೋಗಲು 3,500. ಆಯಿಲ್, ಸೀಲು, ಮೀಟರ್ ಕೇಬಲ್ಲು 2,500. ಆಯಿಲ್ ವಿಷಯದಲ್ಲಿ ಒಂದು ಮಾತು: ಹಿತ್ತಾಳೆಯ ಸಿಂಕ್ರೊ ರಿಂಗಿನ ಡಬ್ಬಿಗೆ ಜಿಎಲ್-4 ದರ್ಜೆಯದು ಹಾಕಿಸಿ. ಆಕ್ಸಲ್ಲಿಗೆ ಹಾಕುವ ಜಿಎಲ್-5ರಲ್ಲಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಲ್ಲದು.

ಗುಜರಿಯವರಿಂದ ಬಿಲ್ ಕೇಳಿ, ಯಾವ ಗಾಡಿಯಿಂದ ತೆಗೆದದ್ದು ಎಂದು ಚಾಸಿ ನಂಬರ್ ಸಮೇತ ಬರೆಸಿಕೊಳ್ಳಿ. ಬಿಲ್ ಇಲ್ಲದ ಡಬ್ಬಿ ಕಳವಿನದಾಗಿದ್ದರೆ ದುಡ್ಡೂ ಹೋಗುತ್ತದೆ, ಠಾಣೆಗೂ ಅಲೆಯಬೇಕು.

63,000ದಲ್ಲಿ ಸೇರದ ಒಂದು ಖರ್ಚಿದೆ. ಅದನ್ನು ನಾವು ಎಲ್ಲಕ್ಕಿಂತ ಮೊದಲು ಮಾಡಿಸಿದೆವು. ನಮ್ಮ ಗಾಡಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಒಂದೇ ಲೈನು. ಒಂದು ಗಾಲಿಯಲ್ಲಿ ಸೋರಿದರೆ ನಾಲ್ಕಕ್ಕೂ ಬ್ರೇಕಿಲ್ಲ. ಐದನೇ ಗೇರ್ ಬಂದ ಮೇಲೆ ಗಾಡಿ ಸದ್ದಿಲ್ಲದೆ ವೇಗ ಹಿಡಿಯುತ್ತದೆ. ವೀಲ್ ಸಿಲಿಂಡರ್, ಹೋಸು, ಲೈನಿಂಗ್, ಮಾಸ್ಟರ್ ಸಿಲಿಂಡರ್ ಎಲ್ಲ ಹೊಸದು ಹಾಕಿಸಿದ್ದಕ್ಕೆ 9,000 ಆಯಿತು. ದುಡ್ಡು ಒಂದಕ್ಕೇ ಸಾಲುವಂತಿದ್ದರೆ ಬ್ರೇಕು ಮಾಡಿಸಿ, ಗೇರ್ ಬಿಡಿ.

ದುಡ್ಡು ಎಲ್ಲಿಂದ ತರಬೇಕು ಎಂಬುದು ನನಗೆ ಗೇರಿಗಿಂತ ದೊಡ್ಡ ವಿಷಯ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ರೈತ ಬಡ್ಡಿಗೆ ಬಲಿಯಾಗಬಾರದು ಎಂಬ ಕಾಳಜಿ ಅದರ ಹಿಂದೆ ಇತ್ತು. ಇವತ್ತು ರಾಜ್ಯದಲ್ಲಿ ಸಹಕಾರ ಸಂಘದ ಅಲ್ಪಾವಧಿ ಬೆಳೆಸಾಲ ಶೂನ್ಯ ಬಡ್ಡಿಗೆ ಸಿಗುತ್ತದೆ. 2023-24ರ ಬಜೆಟ್‌ನಲ್ಲಿ ಅದರ ಮಿತಿ ಮೂರರಿಂದ ಐದು ಲಕ್ಷಕ್ಕೆ ಏರಿತು. ಬಡ್ಡಿಯಿಲ್ಲ ಎಂದು ಆ ದುಡ್ಡನ್ನು ಗಾಡಿಗೆ ಹಾಕುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಶೂನ್ಯ ಬಡ್ಡಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮೂರನ್ನೂ ಹೈವೇಯನ್ನೂ ಮುಳುಗಿಸಿದ್ದನ್ನು ಕಂಡವರು ನಾವು. ಅಂಥ ವರ್ಷ ಬೆಳೆಸಾಲದ ದುಡ್ಡು ಗೇರ್ ಬಾಕ್ಸಿನಲ್ಲಿ ಸಿಕ್ಕಿಕೊಂಡಿದ್ದರೆ ಮರುಬಿತ್ತನೆಗೆ ಬೀಜ ಯಾವ ದುಡ್ಡಿನಲ್ಲಿ ತರುವುದು? ನಾವು ಎರಡು ಹಂಗಾಮಿನ ಪೇರಲ ಮಾರಿದ ದುಡ್ಡಿನಲ್ಲಿ ಪಾಲು ತೆಗೆದಿಟ್ಟು, ಕೆಲಸ ಕಡಿಮೆ ಇರುವ ಬೇಸಿಗೆಯಲ್ಲಿ ಗಾಡಿ ಬಿಚ್ಚಿದೆವು.

ಕಾನೂನಿನ ಕಡೆಯೂ ಕಣ್ಣಿರಲಿ. ಆರ್‌ಸಿಯಲ್ಲಿ ಎಂಜಿನ್, ಚಾಸಿ ನಂಬರ್ ಇರುತ್ತದೆ, ಗೇರ್ ಬಾಕ್ಸಿನದು ಇರುವುದಿಲ್ಲ. ಹಾಗೆಂದು ಸುಮ್ಮನಿರಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಎತ್ತಿಹಿಡಿದಿದೆ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅಂಥ ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ದುಡಿಯುವ ಪಿಕಪ್ಪಿಗೆ ಆ ದಾರಿ ಅಲ್ಲ. ಹಳೆಯ ಗಾಡಿ ಇಟ್ಟುಕೊಳ್ಳುವ ಖರ್ಚೂ ಏರುತ್ತಿದೆ: ಸರಕು ವಾಹನಕ್ಕೆ ಎಂಟು ವರ್ಷದ ನಂತರ ಪ್ರತಿ ವರ್ಷ ಫಿಟ್ನೆಸ್. ಖಾಸಗಿ ಲಘು ವಾಹನದ ನೋಂದಣಿ ನವೀಕರಣ ಶುಲ್ಕ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ್ದಕ್ಕೆ 10,000.

ತೆಗೆದ ಟಿ-90ಯನ್ನು ಗುಜರಿಗೆ ಹಾಕಬೇಡಿ, ಆಯಿಲ್ ತುಂಬಿ ಮೂತಿ ಮುಚ್ಚಿ ಇಡಿ. ಮುಂದೆ ಗಾಡಿ ಮಾರುವಾಗ ಹಳೆಯದನ್ನು ಹುಡುಕುವವರು ಅಸಲಿ ಡಬ್ಬಿ ಎಲ್ಲಿ ಎಂದು ಕೇಳುತ್ತಾರೆ, ಬೆಲೆ ನಿಲ್ಲುವುದು ಅದರ ಮೇಲೆ. ಕೆಲಸಕ್ಕೆ ಕೈ ಹಾಕುವ ಮುನ್ನ ನಿಮ್ಮ ಆರ್‌ಟಿಒ ಕಚೇರಿಗೂ ವಿಮೆ ಕಂಪನಿಗೂ ಒಂದೊಂದು ಅರ್ಜಿ ಬರೆದು, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ. ಆ ಎರಡು ಕಾಗದ ಕೈಗೆ ಬರುವವರೆಗೆ ಮಿಸ್ತ್ರಿಗೆ ಮುಂಗಡ ಕೊಡಬೇಡಿ.