ರಾಮನಗರದ ಮಣಿಸರ, ಗೋರ್ಟಾದ ಲೆಕ್ಕ

1952ರಲ್ಲಿ ರಾಮನಗರದ ಹೆಂಗಸರ ಕೈಗೆ ಒಂದು ಮಣಿಸರ ಬಂತು. ಹಸಿರು ಮಣಿಯ ದಿನ ಗಂಡನೊಂದಿಗೆ ಸೇರಬಹುದು, ಕೆಂಪು ಮಣಿಯ ದಿನ ಬೇಡ. ದಿನಕ್ಕೊಂದು ಮಣಿ ಸರಿಸುತ್ತ ಹೋದರೆ ಬಸಿರು ನಿಲ್ಲುವುದಿಲ್ಲ ಎಂದು ಅವರಿಗೆ ಹೇಳಿಕೊಡಲಾಯಿತು. ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಸಂತಾನ ನಿಯಂತ್ರಣಕ್ಕೆ ಸಾಧನಗಳಿಗಿಂತ ಸಂಯಮವೇ ಮೇಲೆಂಬುದು ಅವರ ನಿಲುವಾಗಿತ್ತು. ಅವರ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಪ್ರಯೋಗ ನಡೆದದ್ದು ದೆಹಲಿಯ ಲೋದಿ ಕಾಲೊನಿಯಲ್ಲಿ ಮತ್ತು ಮೈಸೂರು ರಾಜ್ಯದ ರಾಮನಗರದಲ್ಲಿ.

ಕಲಿಯುತ್ತೇವೆಂದು ಮುಂದೆ ಬಂದವರು ಬಹಳ, ಕೊನೆಯವರೆಗೆ ಪಾಲಿಸಿದವರು ಕಡಿಮೆ. ರಾತ್ರಿ ಬುಡ್ಡಿದೀಪದಲ್ಲಿ ಹಸಿರು ಯಾವುದು, ಕೆಂಪು ಯಾವುದು ತಿಳಿಯುತ್ತಿರಲಿಲ್ಲ. ಹಾಗಾಗಿ ಮಣಿಗಳ ಆಕಾರವನ್ನೇ ಬೇರೆ ಮಾಡಬೇಕಾಯಿತು. ಕೊರಳಲ್ಲಿ ಹಾಕಿಕೊಂಡರೆ ಮನೆಯ ಗುಟ್ಟು ಊರಿಗೇ ಗೊತ್ತಾಗುತ್ತದೆಂದು ಕೆಲವರು ನಾಚಿದರು. ಸರವೇ ತಾಯಿತದ ಹಾಗೆ ಕಾಯುತ್ತದೆಂದು ನಂಬಿದವರೂ ಇದ್ದರು. ಆ ಕಾಲದ ಬರಹಗಳಲ್ಲಿ ಇದನ್ನೆಲ್ಲ ಹಳ್ಳಿ ಹೆಂಗಸರ ಅಜ್ಞಾನವೆಂದು ನಗುತ್ತ ಹೇಳಿದ್ದುಂಟು. ಆ ನಗು ನನಗೆ ಒಪ್ಪಿಗೆಯಿಲ್ಲ. ಇದೇ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದಿತ್ತು. ಅಂಥ ಕಡೆಯ ಹೆಂಗಸರಿಗೆ 22 ವರ್ಷಗಳ ನಂತರ ಸಿಕ್ಕಿದ್ದು, ಗಂಡ ಒಪ್ಪದಿದ್ದರೆ ಒಂದು ದಿನವೂ ನಡೆಯದ ಉಪಾಯ.

ಬಸವಕಲ್ಯಾಣದ ಹತ್ತಿರದ ಗೋರ್ಟಾ (ಬಿ) ಮತ್ತು ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ದವಾಖಾನೆಯ ಸಿಸ್ಟರ್ ಆಗಿ ಓಡಾಡುವಾಗ ರಾಮನಗರದ ಆ ಹೆಂಗಸರು ನನಗೆ ಮತ್ತೆ ಮತ್ತೆ ನೆನಪಾಗುತ್ತಿದ್ದರು. ದಿನ ಎಣಿಸುವುದು ನಮ್ಮವರಿಗೆ ಬರುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಕಳೆ ತೆಗೆದು ಬಂದು ಕಟ್ಟೆಯ ಮೇಲೆ ಕೂತ ಒಬ್ಬಾಕೆ ಹೇಳಿದ ಲೆಕ್ಕ ಹೀಗಿತ್ತು: "ಎಳ್ಳಮಾಸಿಗಿ ನಾ ಹೊರಗಿದ್ದೆ ಅಕ್ಕಾ, ಹೊಲಕ ಹೋಗಿಲ್ಲ. ಮುಂದಿನ ಸಲ ಅಮಾಸಿಗಿ ಇನ್ನಾ ಮೂರು ದಿನ ಅದಾವ ಅನ್ನಾಗ ಆತು. ಅದರ ಮುಂದಿಂದು ಅಮಾಸಿ ಹಿಂದಿನ ದಿನ." ಕ್ಯಾಲೆಂಡರ್ ತೆಗೆದು ನೋಡಿದರೆ ಒಂದು ಸಲ 26 ದಿನ, ಇನ್ನೊಂದು ಸಲ 31. ಒಂದು ದಿನವೂ ತಪ್ಪಿರಲಿಲ್ಲ.

ಆಕೆಗೆ ಗೊತ್ತಿರದಿದ್ದದ್ದು ಆ ಎಣಿಕೆಯ ಅರ್ಥ. ನೀರು ಹಾಕಿಕೊಂಡ ಮೇಲಿನ ನಾಲ್ಕೈದು ದಿನ ಜೋಪಾನವಾಗಿದ್ದರೆ ಸಾಕು, ನಡು ತಿಂಗಳಲ್ಲಿ ಭಯವಿಲ್ಲ ಎಂದು ಆಕೆ ನಂಬಿದ್ದಳು. ಈ ನಂಬಿಕೆ ನಮ್ಮ ಕಡೆ ಮಾತ್ರವಲ್ಲ, 19ನೇ ಶತಮಾನದ ಯುರೋಪಿನ ವೈದ್ಯರೂ ನಡು ತಿಂಗಳನ್ನೇ ಸುರಕ್ಷಿತವೆಂದು ಬರೆಯುತ್ತಿದ್ದರು. ಅದು ತಲೆಕೆಳಗಾದ ಲೆಕ್ಕವೆಂದು ತಿಳಿದದ್ದು 1920ರ ದಶಕದಲ್ಲಿ, ಜಪಾನಿನ ಕ್ಯುಸಾಕು ಓಗಿನೊ ಮತ್ತು ಆಸ್ಟ್ರಿಯಾದ ಹರ್ಮನ್ ಕ್ನೌಸ್ ಅವರಿಂದ. ಅಂಡಾಣು ಹೊರಬೀಳುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಅದು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಮಾತ್ರ ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಜೀವ ಹಿಡಿದಿರಬಲ್ಲದು. ಹೀಗಾಗಿ ಬಸಿರು ನಿಲ್ಲುವುದು ತಿಂಗಳಲ್ಲಿ ಆರು ದಿನಗಳ ಒಳಗೆ.

ತೊಡಕಿರುವುದು ಇಲ್ಲೇ: ಮುಂದಿನ ಮುಟ್ಟು ಯಾವಾಗ ಬರುತ್ತದೆಂದು ಮೊದಲೇ ಯಾರಿಗೆ ಗೊತ್ತು? ಅದಕ್ಕಾಗಿ ಕನಿಷ್ಠ ಆರು ತಿಂಗಳ ದಿನಾಂಕ ಬರೆದಿಟ್ಟು, ಅತಿ ಚಿಕ್ಕ ಚಕ್ರದಿಂದ 18, ಅತಿ ದೊಡ್ಡ ಚಕ್ರದಿಂದ 11 ಕಳೆಯುತ್ತಾರೆ. ಆರು ತಿಂಗಳಲ್ಲೂ 26 ಮತ್ತು 31ರ ಒಳಗೇ ಇದ್ದವಳಿಗೆ ಮುಟ್ಟಿನ ಮೊದಲ ದಿನದಿಂದ ಎಣಿಸಿ 8ನೇ ದಿನದಿಂದ 20ನೇ ದಿನದವರೆಗೆ ಅಪಾಯ. ಅಂದರೆ 13 ದಿನ. ಅದಕ್ಕೆ ಹೊರಗಿರುವ ದಿನಗಳನ್ನೂ ಸೇರಿಸಿದರೆ ಉಳಿಯುವುದೆಷ್ಟು?

ರಾಮನಗರದ ಸರ 2000ರ ದಶಕದ ಆರಂಭದಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಿಂದ ಹೊಸ ರೂಪದಲ್ಲಿ ಬಂತು. 32 ಮಣಿ, ಅದರಲ್ಲಿ 8ರಿಂದ 19ನೇ ದಿನದ್ದು ಬಿಳಿ, ಅಂದರೆ ಅಪಾಯದ ದಿನ. ಉತ್ತರ ಭಾರತದಲ್ಲಿ ಅದನ್ನು ಮಾಲಾ ಚಕ್ರ ಎಂದರು. ತಪ್ಪದೆ ಪಾಲಿಸಿದ ನೂರು ಹೆಂಗಸರಲ್ಲಿ ವರ್ಷಕ್ಕೆ ಐವರು, ಸಾಮಾನ್ಯವಾಗಿ ಬಳಸಿದ ನೂರರಲ್ಲಿ 12 ಮಂದಿ ಬಸಿರಾಗುತ್ತಾರೆ. ಇದೂ ಚಕ್ರ 26ರಿಂದ 32 ದಿನಗಳ ಒಳಗಿರುವವರಿಗೆ ಮಾತ್ರ. ಥೈರಾಯ್ಡ್, ಪಿಸಿಒಡಿ ಇದ್ದವರಿಗೆ, ಮುಟ್ಟು ನಿಲ್ಲುವ ವಯಸ್ಸಿನವರಿಗೆ, ಈಗಷ್ಟೇ ಹೆತ್ತವರಿಗೆ ನಡೆಯುವುದಿಲ್ಲ.

ಹೆತ್ತವರ ವಿಷಯ ಬೇರೆಯಾಗಿಯೇ ಹೇಳಬೇಕು. "ಇನ್ನಾ ಹೊರಗಾಗಿಲ್ಲಲ್ಲ, ಆದಮ್ಯಾಗ ನೋಡಿದ್ರಾಯ್ತು" ಎನ್ನುವ ಬಾಣಂತಿಯರು ಪ್ರತಿ ಊರಲ್ಲೂ ಸಿಗುತ್ತಾರೆ. ಆದರೆ ಹೆರಿಗೆಯ ನಂತರ ಅಂಡಾಣು ಮೊದಲು, ಮುಟ್ಟು ಆಮೇಲೆ ಆಗುವುದುಂಟು. ಮುಟ್ಟು ಕಾಣುವ ಮುನ್ನವೇ ಬಸಿರು ನಿಲ್ಲಬಹುದು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು, ಮುಟ್ಟು ಬಂದಿರಬಾರದು. ಮೂರೂ ಕೂಡಿದರೆ ಮಾತ್ರ ಹಾಲೂಡಿಕೆ ಚೆನ್ನಾಗಿ ಕಾಯುತ್ತದೆ. ಜೇನು, ಗುಟ್ಟಿ, ಹಸುವಿನ ಹಾಲು ಶುರುವಾದರೆ ಆ ಭರವಸೆ ಹೋಯಿತು.

ಇನ್ನು ಗಂಡ. ಈ ಭಾಗದ ಗಂಡಸರು ದುಡಿಯಲು ಹೈದರಾಬಾದ್, ಪುಣೆ, ಮುಂಬೈಗೆ ಹೋಗುತ್ತಾರೆ. ಯುಗಾದಿಗೋ ಜಾತ್ರೆಗೋ ಬರುವ ನಾಲ್ಕು ದಿನ ಹೆಂಡತಿಯ 12ನೇ ದಿನದ ಆಸುಪಾಸಾಗಿದ್ದರೆ, ಇವತ್ತು ಬೇಡ ಎನ್ನುವ ಶಕ್ತಿ ಎಷ್ಟು ಜನರಿಗಿದೆ? ರಜಸ್ಸೂತಕವನ್ನು ಶರಣರು ಅಲ್ಲಗಳೆದ ಕಲ್ಯಾಣದ ನೆಲದಲ್ಲೇ ಹೊರಗೆ ಕೂರುವ ಪದ್ಧತಿ ಇನ್ನೂ ಉಳಿದಿದೆ. ಆ ದಿನಗಳಲ್ಲಿ ಗಂಡ ಕೇಳದೆಯೇ ದೂರ ಇರುತ್ತಾನೆ. ಬಸಿರು ನಿಲ್ಲುವ ದಿನಗಳಲ್ಲಿ ಹೆಂಡತಿ ಬೇಡವೆಂದರೂ ಆ ಮಾತು ನಡೆಯುವುದಿಲ್ಲ. ಇದನ್ನು ನೋಡಿದ ಮೇಲೆ ನಾನು ಗಂಡನನ್ನೂ ಕೂರಿಸಿಕೊಂಡೇ ಕ್ಯಾಲೆಂಡರ್ ತೋರಿಸುತ್ತಿದ್ದೆ. ದೂರ ಇರಲಾಗದ ದಿನ ನಿರೋಧ್ ಬಳಸುವುದು ಗಂಡನ ಕೆಲಸವೆಂದು ಅವನೆದುರಿಗೇ ಹೇಳುತ್ತಿದ್ದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರೊಳಗಿನ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿಗೆ ಮಕ್ಕಳಾಗದಂತೆ ಆಪರೇಷನ್ ಆಗಿದೆ. ಗಂಡಸರದು ಹತ್ತಿರ ಹತ್ತಿರ ಸೊನ್ನೆ. ಮೊದಲ ಮಗುವಿಗೂ ಆಪರೇಷನ್ನಿಗೂ ನಡುವಿನ ವರ್ಷಗಳಲ್ಲಿ ಬಹಳ ಹೆಂಗಸರು ಬರೀ ಅಂದಾಜಿನ ಮೇಲೆ ದಿನ ದೂಡುತ್ತಾರೆ. ದಿನದ ಲೆಕ್ಕ ಪ್ರತಿ ಹುಡುಗಿಗೂ ಗೊತ್ತಿರಲೇಬೇಕು. ಮಗು ಬೇಕೆಂದು ಹಂಬಲಿಸುವವರಿಗೆ ಅದೇ ದಾರಿ, ಓಗಿನೊಗೂ ಲೆಕ್ಕವನ್ನು ಅದಕ್ಕೆ ಬಳಸುವುದೇ ಇಷ್ಟವಾಗಿತ್ತು. ಮಗು ಬೇಡವೆನ್ನುವವರಿಗೆ ಮಾತ್ರ ಲೆಕ್ಕವೊಂದನ್ನೇ ಕೊಟ್ಟು ಕಳಿಸುವುದು ಅನ್ಯಾಯ. ಸರ್ಕಾರಿ ದವಾಖಾನೆಯಲ್ಲಿ ಕಾಪರ್ ಟಿ ಇದೆ. ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು ಇದೆ. ಛಾಯಾ ಗುಳಿಗೆ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಎಲ್ಲವೂ ಉಚಿತ.

ಆ ಎಳ್ಳಮಾಸಿಯ ಲೆಕ್ಕದಾಕೆ ಆರಿಸಿಕೊಂಡದ್ದು ಛಾಯಾ. ಅದನ್ನು ತೆಗೆದುಕೊಳ್ಳುವವರಲ್ಲಿ ಮುಟ್ಟು ಮುಂದೆ ಹೋಗುವುದುಂಟು, ಹೆದರಬೇಕಿಲ್ಲ ಎಂದು ತಿಳಿಸಿ ಹೇಳಿದೆವು. ವಾರದ ಮೇಲೆ ತಡವಾದರೆ ಆಶಾ ಬಳಿ ನಿಶ್ಚಯ್ ಕಿಟ್ ಕೇಳಿ ಮೂತ್ರ ಪರೀಕ್ಷೆ ಮಾಡಿಕೊಳ್ಳಬೇಕೆಂದೂ ಹೇಳಿಕೊಟ್ಟೆವು.