ಪ್ರವಾಸಕ್ಕೆ ಬಂದ ಮಕ್ಕಳ ಮೇಲೆ ಹೆಜ್ಜೇನು ಎದ್ದರೆ

ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ನಮ್ಮ ಕಡೆ ಹೆಚ್ಚು ಬರುವುದು ಡಿಸೆಂಬರ್, ಜನವರಿಯಲ್ಲಿ. ಶೃಂಗೇರಿ ನೋಡಿ, ಕೆರೆಕಟ್ಟೆ ದಾಟಿ ಕಾರ್ಕಳಕ್ಕೆ ಇಳಿಯುವ ದಾರಿ. ನಡುವೆ ಎಲ್ಲೋ ಹಳ್ಳ, ಬಂಡೆ ಕಂಡಲ್ಲಿ ಬುತ್ತಿ ಬಿಚ್ಚುತ್ತಾರೆ. ಬಯಲುಸೀಮೆ ಕಡೆಯಿಂದ ಹೆಜ್ಜೇನು ಬಂದು ದೊಡ್ಡ ಮರಕ್ಕೂ ಬಂಡೆಗೂ ಹಲ್ಲೆ ಕಟ್ಟುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಜಾಗ ಗೊತ್ತಿರುವುದು ನಮಗೆ, ಬರುವವರಿಗಲ್ಲ. ಆದ್ದರಿಂದ ಈ ಪಾಠ ಮೇಷ್ಟ್ರುಗಳಿಗಿಂತ ಮೊದಲು ನಮಗೇ ಬೇಕು.

ಹೆಜ್ಜೇನು ಸುಮ್ಮನೆ ಏಳುವುದಿಲ್ಲ. ಹಲ್ಲೆಯ ಹತ್ತಿರ ಏನಾದರೂ ಸುಳಿದರೆ ಮೇಲ್ಪದರದ ಹುಳುಗಳು ಹಿಂಭಾಗ ಎತ್ತಿ ಅಲುಗಿಸುತ್ತವೆ, ಹಲ್ಲೆ ತುಂಬಾ ಅಲೆ ಓಡಿದ ಹಾಗೆ ಕಾಣುತ್ತದೆ. ಅದು ಎಚ್ಚರಿಕೆ. ಮಕ್ಕಳನ್ನು ಆಗಲೇ ದೂರ ಕರೆದುಕೊಂಡು ಹೋದರೆ ಮುಗೀತು. ಕಲ್ಲು ಎಸೆದರೆ, ಅಡುಗೆಗೆ ಒಲೆ ಹೂಡಿ ಹೊಗೆ ಹಾಕಿದರೆ ಕಷ್ಟ. (ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಬೆಂಕಿ ಹಾಕುವುದು ಹೇಗೂ ಅಪರಾಧ.)

ಒಂದು ಹುಳ ಕುಟುಕಿದ್ದು ನೂರಾಗುವುದು ಹೇಗೆ? ಜೇನಿನ ಮುಳ್ಳಿಗೆ ಗಾಳದ ಹಾಗೆ ಹಿಮ್ಮುಖ ಕೊಕ್ಕೆಗಳಿವೆ. ಕುಟುಕಿದಾಗ ಮುಳ್ಳು, ವಿಷದ ಚೀಲ ಎರಡೂ ಚರ್ಮದಲ್ಲೇ ಉಳಿಯುತ್ತವೆ, ಹುಳ ಸಾಯುತ್ತದೆ. ಉಳಿದ ಮುಳ್ಳಿನಿಂದ ಒಂದು ವಾಸನೆ ಹೊರಡುತ್ತದೆ. ಅದರಲ್ಲಿರುವ ಒಂದು ರಾಸಾಯನಿಕಕ್ಕೆ ಬಾಳೆಹಣ್ಣಿನ ಪರಿಮಳ. ಉಳಿದ ಹುಳುಗಳಿಗೆ ಅದೇ ಕರೆ. ಹುಳವನ್ನು ಹೊಸಕಿ ಕೊಂದರೂ ಅದೇ ವಾಸನೆ. ಕೈ ಬೀಸಿ, ಟವೆಲು ಬೀಸಿ ಹೊಡೆಯುತ್ತಾ ನಿಂತವನೇ ಹೆಚ್ಚು ಕಡಿಸಿಕೊಳ್ಳುವುದು ಇದಕ್ಕೇ.

ಹಾಗಾದರೆ ಸುಮ್ಮನೆ ನಿಲ್ಲಬೇಕಾ? ಒಂದೆರಡು ಹುಳ ಸುತ್ತುತ್ತಿದ್ದರೆ ನಿಧಾನಕ್ಕೆ ಸರಿಯಿರಿ. ಗುಂಪಾಗಿ ಎದ್ದ ಮೇಲೆ ನಿಲ್ಲಲೇಬಾರದು, ಓಡಬೇಕು. ಮುಖ ಮುಚ್ಚಿಕೊಂಡು, ದಾರಿ ಕಾಣುವಷ್ಟು ಬಿಟ್ಟು, ನೆಟ್ಟಗೆ ಬಸ್ಸಿಗೋ ಮನೆಗೋ. ಬಸ್ಸಿನೊಳಗೆ ಹತ್ತಿಪ್ಪತ್ತು ಹುಳ ಬಂದರೂ ಸರಿ, ಕಿಟಕಿ ಹಾಕಿ. ನೀರಿಗೆ ಹಾರುವ ಬುದ್ಧಿ ಬೇಡ: ಹುಳುಗಳು ಮೇಲೆ ಕಾಯುತ್ತವೆ, ಈಜು ಬಾರದ ಮಕ್ಕಳು ಮುಳುಗುತ್ತಾರೆ. ಓಡಲಾಗದ ಚಿಕ್ಕವರಿದ್ದರೆ ಕಂಬಳಿ ಮುಚ್ಚಿ. ಕಪ್ಪು ಉಣ್ಣೆ ಕಂಡರೆ ಜೇನಿಗೆ ಸಿಟ್ಟು ಅನ್ನುವುದು ಹೌದು, ಆದರೂ ಬರೀ ಮೈಗಿಂತ ಕಂಬಳಿ ವಾಸಿ.

ಕಡಜದ ಲೆಕ್ಕ ಬೇರೆ. ಅದರ ಮುಳ್ಳು ಉಳಿಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಕುಟುಕುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗೂಡು ತುಂಬಿರುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಪಾನಿನ ಗಿಫು ಪ್ರಾಂತದ ಹಿಡಾ ಎಂಬಲ್ಲಿ ಓಟದ ಸ್ಪರ್ಧೆ ನಡೆದಾಗ ನೂರಕ್ಕೂ ಹೆಚ್ಚು ಓಟಗಾರರು ಕಡಜದಿಂದ ಕಡಿಸಿಕೊಂಡರು. ಸಾಲಾಗಿ ಹೋಗುವಾಗ ಮುಂದಿನವರ ಕಾಲಿಗೆ ಗೂಡು ಅದುರುತ್ತದೆ, ಸಿಟ್ಟು ಹಿಂದಿನವರ ಮೇಲೆ. ಮಕ್ಕಳ ಸಾಲಿನ ಹಿಂದೆ ದೊಡ್ಡವರೊಬ್ಬರು ಇರಲೇಬೇಕು.

ಮುಳ್ಳು ಕೀಳುವ ಬಗ್ಗೆ ಒಂದು ಮಾತು. ಉಗುರಿನಿಂದ ಚಿವುಟಬಾರದು, ಕೆರೆದೇ ತೆಗೆಯಬೇಕು ಅಂತ ನಮ್ಮಲ್ಲೂ ಹೇಳುತ್ತಾರೆ. 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಸುಳ್ಳು ಮಾಡಿತು. ಹೇಗೆ ಕಿತ್ತರೂ ಒಂದೇ, ಬೇಗ ಕೀಳಬೇಕು ಅಷ್ಟೆ. ಚೀಲ ವಿಷ ತಳ್ಳುತ್ತಲೇ ಇರುತ್ತದೆ. ಕತ್ತಿ ಹುಡುಕುತ್ತಾ ಹೊತ್ತು ಕಳೆಯಬೇಡಿ. ಆದರೆ ಕೀಳುವುದು ಸುರಕ್ಷಿತ ಜಾಗ ಸೇರಿದ ಮೇಲೆ.

ಕಡಿದ ಜಾಗದಲ್ಲಿ ಬಾವು, ಉರಿ ಇದ್ದದ್ದೇ. ಮುಖ, ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಅದು ಅಲರ್ಜಿ. ಒಂದೇ ಹುಳ ಸಾಕು. ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ಸುಣ್ಣವಲ್ಲ. ಘಾಟಿ ದಾರಿಯಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಆಂಬುಲೆನ್ಸ್ ಕಾಯುವುದಕ್ಕಿಂತ ಕೈಗೆ ಸಿಕ್ಕ ಜೀಪು ಹತ್ತಿಸಿ, 108ಕ್ಕೆ ದಾರಿಯಲ್ಲೇ ಫೋನು ಮಾಡಿ. ಹತ್ತಾರು ಕಡಿತವಾದ ಮಗು ಆಡಿಕೊಂಡಿದ್ದರೂ ಆಸ್ಪತ್ರೆಗೆ ತೋರಿಸಿ. ವಿಷದಿಂದ ಮೂತ್ರಪಿಂಡ ಕೆಡುವುದು ಒಂದೆರಡು ದಿನ ಬಿಟ್ಟೂ ಗೊತ್ತಾಗಬಹುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ.

ಇಂಥದ್ದೊಂದು ಆದ ರಾತ್ರಿಯೇ ಸೂಡಿ ಹಿಡಿದು ಹಲ್ಲೆ ಸುಡಲು ಹೊರಡುವವರಿದ್ದಾರೆ. ನನಗೆ ಸರಿ ಕಾಣುವುದಿಲ್ಲ. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೀಳದೆ ಕಾಯಿ ಕಟ್ಟುವುದಿಲ್ಲ, ಆ ಕೆಲಸದಲ್ಲಿ ಹೆಜ್ಜೇನಿನದು ದೊಡ್ಡ ಪಾಲು. ಮಳೆ ಹಿಡಿಯುವ ಹೊತ್ತಿಗೆ ಅವು ತಾವಾಗಿ ಹೋಗುತ್ತವೆ, ಮುಂದಿನ ವರ್ಷ ಹೆಚ್ಚಾಗಿ ಅದೇ ಮರಕ್ಕೆ ಬರುತ್ತವೆ. ಹಾಗಾಗಿ ನಿಮ್ಮ ಜಮೀನಿನ ಅಂಚಿನಲ್ಲಿ ಹಲ್ಲೆ ಇದ್ದರೆ ದಾರಿಗೆ ಒಂದು ಬಿದಿರು ಅಡ್ಡ ಕಟ್ಟಿ, 'ಹೆಜ್ಜೇನಿದೆ, ಹೊಗೆ ಹಾಕಬೇಡಿ' ಅಂತ ಹಲಗೆಯಲ್ಲಿ ಬರೆದು ತೂಗುಹಾಕಿ. ನವೆಂಬರಿನಲ್ಲೇ ಹಾಕಿದರೆ ಒಳ್ಳೆಯದು.