ಗರ್ಭದ ಶಿಶುವೂ ಪ್ಲಾಸ್ಟಿಕ್ಕೂ

ಬಸುರಿಯ ಬಯಕೆ ತೀರಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಅಕ್ಕನೋ ಅತ್ತಿಗೆಯೋ ಕೇಳಿದಳೆಂದು ನಿಲಕ್ಕೋಟ್ಟೈ ಪೇಟೆಯಿಂದ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ ತರುವುದುಂಟು. ಪ್ರೀತಿಯಿಂದ ತಂದ ಆ ಪೊಟ್ಟಣದಿಂದ ಶಿಶುವಿಗೆ ಏನೇನು ತಲುಪಬಹುದೆಂಬುದನ್ನು ನಾವು ಅರಿಯೋಣ.

ಗರ್ಭದಲ್ಲಿ ತಾಯಿಯ ರಕ್ತವೂ ಶಿಶುವಿನ ರಕ್ತವೂ ಬೆರೆಯುವುದಿಲ್ಲ. ನಡುವೆ ಮಾಸು ಎಂಬ ಅಂಗವಿದೆ. ಅದರ ತೆಳುವಾದ ಪೊರೆಯ ಮೂಲಕ ಆಮ್ಲಜನಕವೂ ಆಹಾರಾಂಶವೂ ಶಿಶುವಿಗೆ ಹೋಗುತ್ತವೆ, ಕಶ್ಮಲ ಹಿಂದಿರುಗುತ್ತದೆ. ಮಾಸು ವಿಷವನ್ನೆಲ್ಲ ತಡೆಯುವ ಕೋಟೆಯೆಂದು ವೈದ್ಯರೂ ಬಹುಕಾಲ ನಂಬಿದ್ದರು. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ಔಷಧವನ್ನು ಸೇವಿಸಿದ ತಾಯಂದಿರಿಗೆ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದಾಗ ಆ ನಂಬಿಕೆ ಮುರಿಯಿತು.

ಪ್ಲಾಸ್ಟಿಕ್ಕಿನಲ್ಲಿ ಎರಡು ರಾಸಾಯನಿಕಗಳನ್ನು ಮುಖ್ಯವಾಗಿ ಗಮನಿಸಬೇಕು. ಗಟ್ಟಿ ಪಾಲಿಕಾರ್ಬೊನೇಟ್ ಪಾತ್ರೆಗಳಲ್ಲೂ ಡಬ್ಬಿಗಳ ಒಳಲೇಪದಲ್ಲೂ ಬಿಸ್‌ಫೀನಾಲ್-ಎ ಇರುತ್ತದೆ. ಪಿ.ವಿ.ಸಿ.ಯನ್ನು ಮೆತ್ತಗಾಗಿಸಲು ಥ್ಯಾಲೇಟ್ ಸೇರಿಸುತ್ತಾರೆ. ತೆಳು ಚೀಲಗಳಲ್ಲೂ ಬಣ್ಣ ಮುಂತಾದ ಬೆರಕೆಗಳಿರಬಹುದು. ಬಿಸಿಯೂ ಎಣ್ಣೆಯೂ ತಗುಲಿದರೆ ಇಂಥವು ಆಹಾರಕ್ಕೆ ಹೆಚ್ಚಾಗಿ ಇಳಿಯುತ್ತವೆ. ಬಿಸ್‌ಫೀನಾಲ್-ಎ ಸಣ್ಣ ಅಣು; ಕೊಬ್ಬಿನಲ್ಲಿ ಕರಗುವಂಥದು. ಆದ್ದರಿಂದ ಪೊರೆಯನ್ನು ದಾಟಬಲ್ಲದು. ಹೊಕ್ಕುಳಬಳ್ಳಿಯ ರಕ್ತದಲ್ಲೂ ಗರ್ಭಜಲದಲ್ಲೂ ಅದನ್ನು ವಿಜ್ಞಾನಿಗಳು ಕಂಡಿದ್ದಾರೆ. 2021ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ 6 ಮಾಸುಗಳ ಪೈಕಿ 4ರಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ದೊರೆತವು.

ದೊಡ್ಡವರ ಯಕೃತ್ತು ಬಿಸ್‌ಫೀನಾಲ್-ಎಯನ್ನು ಬೇಗ ಮಾರ್ಪಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಶಿಶುವಿನ ಯಕೃತ್ತಿಗೆ ಆ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಅದು ಸ್ತ್ರೀ ಹಾರ್ಮೋನಿನಂತೆ ವರ್ತಿಸಬಲ್ಲದು. ಅಂಗಾಂಗಗಳು ರೂಪುಗೊಳ್ಳುವಾಗ ಬರುವ ಇಂಥ ಸುಳ್ಳು ಸಂದೇಶವೇ ವಿಜ್ಞಾನಿಗಳ ಚಿಂತೆ. ಆದುದರಿಂದಲೇ 2011ರಲ್ಲಿ ಯುರೋಪಿನ ಒಕ್ಕೂಟವೂ 2015ರಲ್ಲಿ ಭಾರತದ ಮಾನಕ ಸಂಸ್ಥೆಯೂ ಶಿಶುಗಳ ಹಾಲಿನ ಸೀಸೆಗಳಲ್ಲಿ ಅದನ್ನು ನಿಷೇಧಿಸಿದವು. ಆದರೆ ಹುಟ್ಟುವ ಮುನ್ನ ಮಗುವಿಗೆ ಸೀಸೆಯಿಲ್ಲ. ತಾಯಿಯ ಊಟವೇ ಅದರ ಊಟ.

ಹೆದರಬೇಕಾಗಿಲ್ಲ. ದಿನದಿನವೂ ಸೇರುವುದನ್ನು ತಗ್ಗಿಸಿದರೆ ಕೆಲವೇ ದಿನಗಳಲ್ಲಿ ದೇಹದಲ್ಲಿ ಅದರ ಪ್ರಮಾಣ ಇಳಿಯುತ್ತದೆ. 2019ರ ಜನವರಿ 1ರಿಂದ ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. 2021ರಲ್ಲಿ ಹಳದಿ ಬಟ್ಟೆಚೀಲವನ್ನು ಮರಳಿ ತರುವ ಯೋಜನೆಯೂ ಬಂದಿದೆ. ಮಕ್ಕಳೇ, ಪೇಟೆಗೆ ಹೊರಟಾಗ ಬಟ್ಟೆಚೀಲದೊಳಗೆ ಒಂದು ಎವರ್‌ಸಿಲ್ವರ್ ತೂಕನ್ನೂ ಇಟ್ಟುಕೊಳ್ಳಿ. ತಂದೆತಾಯಿಗಳೇ, ಬಿಸಿ ಅನ್ನಕ್ಕೆ ಬಾಳೆಯೆಲೆಯೋ ಲೋಹದ ತಟ್ಟೆಯೋ ಇರಲಿ. ಮನೆಗೆ ಬರಲಿರುವ ಕಂದನಿಗೆ ನಾವೆಲ್ಲರೂ ಸೇರಿ ಕೊಡಬಹುದಾದ ಮೊದಲ ಉಡುಗೊರೆ ಇದೇ.